ವಾಸನೆ ಇಲ್ಲ

ಒಂಬತ್ತೂಕಾಲಿಗೆ ಅವನು ಎರಡನೆಯ ಸಲ ಪೆಟ್ಟಿಗೆಯ ಸುತ್ತ ನಡೆದ. ನಾಲ್ಕೂ ಮೂಲೆಗೆ ಮೂಗು ಒಡ್ಡಿ, ಕಣ್ಣು ಅರ್ಧ ಮುಚ್ಚಿ, ದೂರದಲ್ಲೆಲ್ಲೋ ಯಾರೋ ಹಾಡುತ್ತಿರುವುದನ್ನು ಕೇಳುವವನಂತೆ ತಲೆ ಓರೆ ಮಾಡಿ ನಿಂತು, ಮೇಜಿಗೆ ಬಂದು, ರಿಜಿಸ್ಟರಿನಲ್ಲಿ 'ವಾಸನೆ' ಎಂಬ ಅಂಕಣದ ಕೆಳಗೆ 'ಇಲ್ಲ' ಎಂದು ಬರೆದು ಸಹಿ ಹಾಕಿದ. ಬರೆದದ್ದು ಅಪ್ಪಟ ಸತ್ಯ. ಮೂರು ವರ್ಷದಿಂದ ಅವನಿಗೆ ವಾಸನೆ ಎಂಬುದೇ ಇರಲಿಲ್ಲ. ಹೂವು, ಸಗಣಿ, ಸೀಮೆಎಣ್ಣೆ, ಮಗುವಿನ ನೆತ್ತಿ, ಎಲ್ಲವೂ ಅವನ ಪಾಲಿಗೆ ಒಂದೇ ಜಾತಿಯ ಗಾಳಿ. ಆದರೂ ಸಹಿ ಹಾಕುವಾಗ ಪೆನ್ನು ಒಂದು ಕ್ಷಣ ಕಾಗದಕ್ಕೆ ಅಂಟಿಕೊಂಡಿತು. ಸತ್ಯ ಬರೆಯುವುದಕ್ಕೂ ಇಷ್ಟು ಕಷ್ಟವಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ಎಂದರೆ ಸ್ಟೀಲಿನದು, ಒಂದು ಸಣ್ಣ ಮನೆಯಷ್ಟು ದೊಡ್ಡದು. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ, ಹಳೆಯ ಹಲ್ಲಿನ ಬಣ್ಣದ್ದು, ಮುಂದಿನ ಸೀಳಿನಿಂದ ಒಳಗೆ ಹೋಗುತ್ತದೆ. ಉರುಳೆಗಳ ಮೇಲೆ ಏರಿ ಇಳಿದು ಅರ್ಧ ಗಂಟೆಗೆ ಹಿಂದಿನ ಬಾಗಿಲಿನಿಂದ ಬೆಳ್ಳಗೆ ಹೊರಬರುತ್ತದೆ. ಕುದಿಸುವುದಿಲ್ಲ, ಬೇಯಿಸುವುದಿಲ್ಲ, ಹತ್ತು ಸಲ ತೊಳೆಯುವುದಿಲ್ಲ. ಒಳಗೆ ಕೆಲಸ ಮಾಡುವುದು ಓಝೋನ್ ಎಂಬ ಗಾಳಿ. "ಉಸಿರಾಡೋ ಆಮ್ಲಜನಕಕ್ಕೇ ಕರೆಂಟಿನ ಏಟು ಕೊಟ್ಟು ಒಂದು ಕಣ ಜಾಸ್ತಿ ಸೇರಿಸೋದು, ಅಷ್ಟೇ. ಎರಡಿದ್ರೆ ಉಸಿರು. ಮೂರಾದ್ರೆ ಬಣ್ಣ ತಿನ್ನತ್ತೆ," ಎಂದು ಎಂಜಿನಿಯರಮ್ಮ ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ವಿವರಿಸಿದ್ದಳು. "ಗಂಡ ಹೆಂಡತಿ ಮಧ್ಯೆ ಮೂರನೆಯವರು ಬಂದ ಹಾಗೆ," ಎಂದು ಹಿಂದಿನ ಸಾಲಿನಿಂದ ಅವನ ಷಡ್ಡಕ ವ್ಯಾಖ್ಯಾನ ಮಾಡಿದ್ದ. ಎಂಜಿನಿಯರಮ್ಮ ನಗಲಿಲ್ಲ. ಅದು ಹೊರಗೆ ಸೋರಿದರೆ ಗಂಟಲು ಉರಿಯುತ್ತದೆ, ಎದೆ ಹಿಡಿಯುತ್ತದೆ, ರಬ್ಬರು ಸೀಳುತ್ತದೆ ಎಂದಳು. ಯಾವುದೋ ಮಿಲ್ಲಿನಲ್ಲಿ ಸೋರಿಕೆಯಾಗಿ, ಯಾರಿಗೂ ತಿಳಿಯದೆ, ಮಧ್ಯಾಹ್ನದ ಹೊತ್ತಿಗೆ ಇಡೀ ಪಾಳಿಯವರ ಚಡ್ಡಿಯ ಇಲಾಸ್ಟಿಕ್ಕು ಒಟ್ಟಿಗೆ ಕೈಕೊಟ್ಟು, ನಲವತ್ತು ಜನ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಗೇಟಿನ ಕಡೆಗೆ ಓಡಿದರಂತೆ; ಕೈ ಖಾಲಿ ಇಲ್ಲದ್ದರಿಂದ ಗೇಟು ತೆಗೆಯುವವರೇ ಇರಲಿಲ್ಲವಂತೆ. ಇದನ್ನು ಅವಳು ಹೇಳಿದ್ದೋ, ಆಮೇಲೆ ಷಡ್ಡಕ ಸೇರಿಸಿದ್ದೋ, ಈಗ ಯಾರಿಗೂ ನೆನಪಿಲ್ಲ.

ಮಾಮೂಲಿ ದಿನಗಳಲ್ಲಿ ಸೋರಿಕೆಯನ್ನು ಗೋಡೆಯ ಮೇಲಿನ ಮೀಟರು ನೋಡಿಕೊಳ್ಳುತ್ತಿತ್ತು. ನಿನ್ನೆ ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಮೀಟರು ಬರುವವರೆಗೆ ಪೆಟ್ಟಿಗೆ ನಿಲ್ಲಿಸೋಣ ಎಂದು ಎಂಜಿನಿಯರಮ್ಮ ಹೇಳಿದ್ದಕ್ಕೆ ಸಾಹೇಬರು, "ಮೂಗಪ್ಪ ಇದ್ದಾರಲ್ಲ," ಎಂದರು. ಮೂಗಪ್ಪ ಎಂದರೆ ಅವನು. ಬ್ಲೀಚಿಂಗ್ ಮೇಸ್ತ್ರಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನ ಮೂಗಿನ ಬಗ್ಗೆ ಮಿಲ್ಲಿನಲ್ಲಿ ಓಡಾಡುವ ಕಥೆಗಳಲ್ಲಿ ಅರ್ಧ ನಿಜ. ಯಾವ ಅರ್ಧ ಎಂಬುದು ಅವನಿಗೂ ಮರೆತುಹೋಗಿತ್ತು. ಗೇಟಿನಲ್ಲಿ ನಿಂತೇ ಮೂರನೆಯ ಹಂಡೆಯಲ್ಲಿ ಕಾಸ್ಟಿಕ್ ಸೋಡಾ ಹೆಚ್ಚಾಗಿದೆ ಎಂದಿದ್ದ. ಕತ್ತಲೆಯ ಗೋದಾಮಿನಲ್ಲಿ ಹತ್ತಿಯ ಬೇಲು ಮೂಸಿ, ಅದನ್ನು ಕಟ್ಟಿದ ದಿನ ಮೋಡವಿತ್ತೋ ಬಿಸಿಲಿತ್ತೋ ಹೇಳಿದ್ದ. ಸಾಹೇಬರು ಸೋಪು ಬದಲಾಯಿಸಿದ್ದನ್ನು ಅವರ ಹೆಂಡತಿಗಿಂತ ಮೊದಲು ಕಂಡುಹಿಡಿದು, ಯಾಕೆ ಬದಲಾಯಿಸಿದರು ಎಂಬುದನ್ನೂ ಕಂಡುಹಿಡಿದು, ಈ ಎರಡನೆಯದನ್ನು ಯಾರಿಗೂ ಹೇಳದೆ ಇದ್ದುದಕ್ಕೇ ಮೇಸ್ತ್ರಿಯಾಗಿದ್ದ. ಒಂದು ಸಲ ಬೇರೆ ಮಿಲ್ಲಿನವನೊಬ್ಬ ಫೋನು ಮಾಡಿದಾಗ ರಿಸೀವರನ್ನು ಕಿವಿಯಿಂದ ತೆಗೆದು ಮೂಗಿಗೆ ಹಿಡಿದು, "ಬಟ್ಟೆಯಿಂದ ಬ್ಲೀಚಿನ ಮದ್ದು ಇನ್ನೂ ಹೋಗಿಲ್ಲ, ಇನ್ನೊಂದು ನೀರು ಕೊಡು," ಎಂದ. ಆ ಕಡೆಯವನು ಇನ್ನೊಂದು ನೀರು ಕೊಟ್ಟ, ಬಟ್ಟೆ ಉಳಿಯಿತು. ಫೋನಿನ ಕಥೆ ಮಾತ್ರ ಪೂರ್ತಿ ನಿಜ, ಮತ್ತು ಅದು ಅವನ ಮೂಗು ಸತ್ತ ಆಮೇಲಿನದು. ಆ ಕಡೆಯವನು ಮಾತಿನ ಮಧ್ಯೆ ಮೂರು ಸಲ ಕೆಮ್ಮಿದ್ದ.

ಮೂಗು ಸತ್ತದ್ದು ಒಂದು ಭಾನುವಾರ. ನೆಗಡಿಯಿಲ್ಲ, ಜ್ವರವಿಲ್ಲ, ಒಂದು ಸೀನೂ ಇಲ್ಲ. ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. ಹೆಂಡತಿ ಹಿತ್ತಿಲಿನಿಂದ ಓಡಿ ಬಂದು, "ಹಾಲು ಸೀದು ಪಾತ್ರೆ ತಳ ಹಿಡಿದಿದೆ, ಪಕ್ಕದಲ್ಲೇ ಮೂಗು ಇಟ್ಕೊಂಡು ಕೂತಿದ್ದೀರಲ್ರೀ," ಎಂದಳು. ಅವನು ತಲೆ ಎತ್ತದೆ, "ಎಲ್ಲಿವರೆಗೆ ಹೋಗತ್ತೆ ಅಂತ ನೋಡ್ತಿದ್ದೆ," ಎಂದ. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿ ಪಾತ್ರೆಯನ್ನು ಬಚ್ಚಲಿಗೆ ಒಯ್ದಳು. ಆ ನೋಟ ಅವನಿಗೆ ಆಗ ಇಷ್ಟವಾಗಲಿಲ್ಲ, ಈಗಲೂ ಆಗುವುದಿಲ್ಲ. ಮರುದಿನ ಹಂಡೆಯ ಮುಂದೆ ನಿಂತಾಗ ಹಬೆ ಮುಖಕ್ಕೆ ಬಡಿಯಿತು, ಬಿಸಿ ಬಿಸಿ, ಒದ್ದೆ ಒದ್ದೆ, ಮತ್ತೆ ಏನೂ ಇಲ್ಲ. ಪರಿಚಯದ ಮನೆಗೆ ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ಯಾರೂ ಓಗೊಡದ ಹಾಗೆ. ಸುತ್ತ ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಆಗ ಅವನು ಜೀವನದಲ್ಲಿ ಮೊದಲ ಸಲ ಅವರ ಮುಖ ನೋಡಿದ. ಬೇರೆಯವರ ಮೂಗಿನ ಹೊಳ್ಳೆ ಒಂದು ಚೂರು ಅಗಲವಾಗುತ್ತದೆ, ರೆಪ್ಪೆ ಎರಡು ಸಲ ಹೆಚ್ಚು ಬಡಿಯುತ್ತದೆ, ತುಟಿ ಒಳಕ್ಕೆ ಹೋಗುತ್ತದೆ. ಎಲ್ಲಾ ಅಲ್ಲೇ ಬರೆದಿತ್ತು. ಮಾತಿನಲ್ಲೇ ಇದೆಯಲ್ಲ, ವಾಸನೆ ನೋಡು ಅಂತ. ಅವನು ನೋಡತೊಡಗಿದ. ಎಲ್ಲರಿಗಿಂತ ಚೆನ್ನಾಗಿ ಓದಲು ಬರುತ್ತಿದ್ದುದು ಷಡ್ಡಕನ ಮುಖ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಮಿಲ್ಲಿನಲ್ಲಿ ಬಟ್ಟೆಯ ಥಾನುಗಳ ತುದಿಗೆ ತುದಿ ಸೇರಿಸಿ ಹೊಲಿಯುವವನು. ಮನೆಯಲ್ಲಿ ಅವನು ಹಿರಿಯ, ಮೊದಲು ಎಲೆ ಬೀಳುವುದು ಅವನಿಗೆ, ಅಲ್ಲಿ ಅವನನ್ನು 'ಅಣ್ಣ' ಎನ್ನಬೇಕು. ಮಿಲ್ಲಿನಲ್ಲಿ ಅವನು ಕೈಕೆಳಗಿನವನು. ಹಾಗಾಗಿ ಮಿಲ್ಲಿನಲ್ಲಿ ಹದಿನೇಳು ವರ್ಷದಿಂದ ಅವನನ್ನು ಏನೆಂದೂ ಕರೆಯದೆ, ಕೆಮ್ಮಿ, ಅಥವಾ ಹತ್ತಿರ ಹೋಗಿ ನಿಂತು, ಕೆಲಸ ಹೇಳುವ ಒಂದು ವಿಧಾನವನ್ನು ಮೇಸ್ತ್ರಿ ರೂಢಿ ಮಾಡಿಕೊಂಡಿದ್ದ. ಷಡ್ಡಕನಿಗೆ ಈ ಕಷ್ಟ ಇರಲಿಲ್ಲ. ಅವನು ಎರಡೂ ಕಡೆ, "ಲೋ ಮೂಗಪ್ಪ," ಎನ್ನುತ್ತಿದ್ದ. ದೇವರು ಅವನಿಗೆ ರಬ್ಬರಿನಂಥ ಮುಖ ಕೊಟ್ಟಿದ್ದ. ಹಂಡೆಯಲ್ಲಿ ಮದ್ದು ಒಂದು ಲೋಟ ಹೆಚ್ಚಾದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಎರಡು ಲೋಟ ಹೆಚ್ಚಾದರೆ ಅತ್ತೆ ಮನೆಗೆ ಬಂದಂತಾಗುತ್ತಿತ್ತು. ಇಷ್ಟು ದಡ್ಡ ಮುಖ ಈ ಭೂಮಿಯ ಮೇಲಿರುವುದು ತನ್ನ ಅದೃಷ್ಟ ಎಂದುಕೊಂಡು ಮೇಸ್ತ್ರಿ ಮೂರು ವರ್ಷ ಆ ಮುಖದಿಂದ ಅನ್ನ ತಿಂದಿದ್ದ.

ಇವತ್ತು ಆ ಮುಖ ಕಣ್ಣೆದುರಿಗೆ ಇರಲಿಲ್ಲ. ಅದನ್ನು ಪೆಟ್ಟಿಗೆಯ ಹಿಂದಿನ ಬಾಗಿಲಿಗೆ ಕಳಿಸಿದವನು ಅವನೇ. ಬೆಳಿಗ್ಗೆ ಸಾಹೇಬರು ಮೂಗಪ್ಪ ಇದ್ದಾರಲ್ಲ ಎಂದಾಗ, ಷಡ್ಡಕ ಸೂಜಿಗೆ ದಾರ ಪೋಣಿಸುತ್ತಲೇ, "ಮೀಟರಿನ ಜೊತೆಗೆ ಆ ಮೂಗನ್ನೂ ಒಂದ್ಸಲ ರಿಪೇರಿಗೆ ಕಳಿಸಿ ಸಾರ್. ಅದಕ್ಕೂ ವಯಸ್ಸಾಯ್ತು," ಎಂದಿದ್ದ. ಸಾಹೇಬರು ನಕ್ಕರು. ಎಂಜಿನಿಯರಮ್ಮ ಕೂಡ, ಎಂದೂ ನಗದವಳು, ನಕ್ಕಳು. ಮೇಸ್ತ್ರಿಯ ಕಿವಿ ಬಿಸಿಯಾಯಿತು. "ನೀವು ಸೂಜಿಯ ಕಣ್ಣು ನೋಡ್ಕೊಳ್ಳಿ. ಮೂಗು ನನಗಿರ್ಲಿ," ಎಂದ. ಆಮೇಲೆ, ಅದು ಸಾಲದು ಎನ್ನಿಸಿ, ಇವತ್ತು ಹೊಲಿಗೆ ಮುಂದೆ ಬೇಡ, ಹಿಂದಿನ ಬಾಗಿಲಲ್ಲಿ, ಬಿಳಿ ಬಟ್ಟೆ ಹೊರಬರುವ ಕಡೆ ಎಂದು, ಯಾರ ಮುಖವನ್ನೂ ನೋಡದೆ ಗೋಡೆಗೆ ಹೇಳಿದ. ಷಡ್ಡಕ ಹೊಲಿಗೆ ಯಂತ್ರವನ್ನು ಅದರ ಗಾಲಿಗಳ ಮೇಲೆ ತಳ್ಳಿಕೊಂಡು, ಕೀಚು ಕೀಚು ಸದ್ದು ಮಾಡುತ್ತ, ಪೆಟ್ಟಿಗೆಯ ಆಚೆಗೆ ಮರೆಯಾದ. ಸರಿಯಾಗಿ ಒಂಬತ್ತಕ್ಕೆ ಪೆಟ್ಟಿಗೆ ಶುರುವಾಯಿತು.

ಹತ್ತು ಗಂಟೆ. ವಾಸನೆ: ಇಲ್ಲ. ಹತ್ತೂಕಾಲು. ಇಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಅವನ ಹಳೆಯ ಹಂಡೆಗಳು ತಣ್ಣಗೆ, ಬಾಯಿ ತೆರೆದುಕೊಂಡು ನಿಂತಿದ್ದವು. ಅವುಗಳ ಮುಂದೆ ಹಾಯುವಾಗ ಅವನು ದೂರದ ನೆಂಟರ ಮನೆಯ ಮುಂದೆ ಹಾಯುವವನಂತೆ ಹೆಜ್ಜೆ ಜೋರು ಮಾಡುತ್ತಿದ್ದ. ಓಝೋನಿನ ವಾಸನೆ ಅವನು ಒಂದು ಸಲವೂ ಕಂಡದ್ದಲ್ಲ. ಪೆಟ್ಟಿಗೆ ಬಂದದ್ದೇ ಮೂಗು ಹೋದ ಮೇಲೆ. ಮೊದಮೊದಲು ಅವನು ಉಪಾಯವಾಗಿ ಎಲ್ಲರನ್ನೂ ವಿಚಾರಿಸಿದ: "ನಿಮಗೆ ಹೇಗನ್ನಿಸ್ತು?" ಎಂಜಿನಿಯರಮ್ಮ ಝೆರಾಕ್ಸ್ ಅಂಗಡಿಯ ವಾಸನೆ ಎಂದಳು. ಷಡ್ಡಕ ಕಬ್ಬಿಣ ನೆಕ್ಕಿದ ಹಾಗೆ ಎಂದ. ಸಾಹೇಬರು ಅವರ ಬಾಲ್ಯದ ಯಾವುದೋ ಈಜುಕೊಳವನ್ನು ನೆನೆಸಿಕೊಂಡು ಭಾವುಕರಾದರು. ಕೊನೆಗೆ ಎಲ್ಲರೂ, "ನೀವು ಹೇಳಿ," ಎಂದಾಗ ಅವನು ಕಣ್ಣು ಅರ್ಧ ಮುಚ್ಚಿ ಗಾಳಿ ಎಳೆದು, "ಹಸಿ ಸಿಡಿಲು," ಎಂದ. ಯಾಕೆ ಹಾಗೆಂದ ಎಂದು ಅವನಿಗೆ ಗೊತ್ತಿಲ್ಲ. ಎಲ್ಲರೂ ಹೌದಲ್ಲ, ಹೌದಲ್ಲ ಎಂದರು. ಎಂಜಿನಿಯರಮ್ಮ ಅದನ್ನು ತರಬೇತಿಯ ಹಾಳೆಯಲ್ಲಿ ಬರೆದುಕೊಂಡಳು. ಆಮೇಲೆ ಬಂದ ಹೊಸಬರೆಲ್ಲ ಮೂಸಿ ನೋಡಿ, ಹಸಿ ಸಿಡಿಲೇ ಎಂದು ಒಪ್ಪಿದರು. ಅವಳೇ ಗೋಡೆಯ ಮೇಲೆ ಒಂದು ಬೋರ್ಡನ್ನೂ ಬರೆಸಿದ್ದಳು: 'ವಾಸನೆ ಬಂದರೆ ಮೂಗಪ್ಪನನ್ನು ಕರೆಯಿರಿ' ಎಂದು. ಪೇಂಟರು ಹಲಗೆ ಸಾಲದೆ ನಡುವಿನ 'ಪ್ಪ' ಬಿಟ್ಟುಬಿಟ್ಟ. ಬೋರ್ಡಿನಲ್ಲಿ ಉಳಿದದ್ದು 'ವಾಸನೆ ಬಂದರೆ ಮೂಗನನ್ನು ಕರೆಯಿರಿ.' ಒಂದು ವಾರ ಎಲ್ಲರೂ ಅವನೆದುರು ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡಿ ನಕ್ಕರು. ಅವನೂ ನಕ್ಕ. ಬಾಯಿದ್ದೂ ಮೂಗ, ಮೂಗಿದ್ದೂ ಏನೂ ಇಲ್ಲ. ಪೇಂಟರಿಗೆ ತನ್ನ ಗುಟ್ಟು ಯಾರು ಹೇಳಿದರು ಎಂದು ಅವನಿಗೆ ಒಂದೆರಡು ದಿನ ಅನುಮಾನವೇ ಇತ್ತು.

ಹತ್ತೂಮುಕ್ಕಾಲಿಗೆ ಎಂಜಿನಿಯರಮ್ಮ ಮೆಟ್ಟಿಲಿಳಿದು ಬಂದು ನಿಂತಳು. "ನನಗೆ ಏನೋ ಒಂಥರಾ ಬಂದ ಹಾಗಾಯ್ತು. ನಿಮಗೆ?" ಅವನು ಅವಳ ಮುಖ ನೋಡಿದ. ಅವಳು ಅವನ ಮುಖ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಾದರೂ ಇದ್ದರೆ ತಾನು ಹೌದೆನ್ನಬಹುದು ಎಂದು ಅವನು ಕಾದ. ಅವನ ಮುಖದಲ್ಲಿ ಏನಾದರೂ ಇದ್ದರೆ ತನಗೆ ಬಂದದ್ದು ನಿಜ ಎಂದುಕೊಳ್ಳಲು ಅವಳು ಕಾದಳು. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿಗಳ ನಡುವೆ ಯಾರೂ ಕೂತಿಲ್ಲದ ಕುರ್ಚಿಯ ಹಾಗೆ ಅಷ್ಟು ಹೊತ್ತು ಕಳೆಯಿತು. ಕೊನೆಗೆ ಅವಳೇ, "ನನ್ನ ಭ್ರಮೆ ಇರ್ಬೇಕು. ನಿಮಗೇ ಇಲ್ಲ ಅಂದ್ಮೇಲೆ," ಎಂದು ಮೆಟ್ಟಿಲು ಹತ್ತಿದಳು. ಅವನು ಇಲ್ಲ ಅಂದಿರಲೇ ಇಲ್ಲ.

ಹನ್ನೊಂದಕ್ಕೆ ಅವನು ಹಿಂದಿನ ಬಾಗಿಲಿಗೆ ಹೋದ. ಮೊದಲ ಸುತ್ತುಗಳಲ್ಲಿ ಷಡ್ಡಕನ ಕಡೆ ತಿರುಗದೆ ದಾಟಿದ್ದ; ಆಮೇಲೆ ಹೋಗಲೇಬಾರದು ಎಂದು ಎರಡು ಸುತ್ತು ತಪ್ಪಿಸಿದ್ದ. ರಿಜಿಸ್ಟರಿನಲ್ಲಿ ನಾಲ್ಕು ಮೂಲೆ ಎಂದು ಅಚ್ಚಾಗಿದ್ದರಿಂದ ಹೋದ. ಬಿಳಿ ಬಟ್ಟೆ ಮಡಿಕೆ ಮಡಿಕೆಯಾಗಿ ಗಾಡಿಯೊಳಗೆ ಬೀಳುತ್ತಿತ್ತು. ಒಳ್ಳೆಯ ಬಿಳಿ. ಹಳದಿಯ ಕಡೆಗೆ ಒಂದು ಕೂದಲೆಳೆಯಷ್ಟೂ ವಾಲದ ಬಿಳಿ. ಅದನ್ನು ಮೆಚ್ಚದೆ ಇರಲು ಅವನು ಪ್ರಯತ್ನಪಟ್ಟ. ಷಡ್ಡಕ ತಲೆ ಎತ್ತಿದ. ಅವನ ಕಣ್ಣು ಕೆಂಪಗಿತ್ತು. ಮೂಗು ಮುರಿದು, ಹುಬ್ಬು ಗಂಟುಹಾಕಿ, ತುಟಿಯನ್ನು ಒಂದು ಕಡೆಗೆಳೆದು, ಮೂರು ಸಲ ಕೆಮ್ಮಿ, ಮೇಸ್ತ್ರಿಯನ್ನೇ ದುರುಗುಟ್ಟಿಕೊಂಡು ನೋಡಿದ. ಅಂಥ ಮುಖ ಹಿಂದೆಂದೂ ಮಾಡಿರಲಿಲ್ಲ. ಅದು ಹರಳೆಣ್ಣೆ, ಅತ್ತೆ ಎರಡನ್ನೂ ದಾಟಿತ್ತು. ಫ್ಯಾನಿನ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಮೇಸ್ತ್ರಿ ಆ ಮುಖವನ್ನು ಪೂರ್ತಿ ಓದಿದ. ಓದಿ, ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡ. ಬೆಳಗಿನ ನಗು ಸಾಲದೆ ಈಗ ಇದು. ಇಲ್ಲ, ಹಾಗೆಂದುಕೊಳ್ಳಲಿಲ್ಲ. ಹಾಗೆಂದುಕೊಳ್ಳಬೇಕು ಎಂದು ನಿರ್ಧರಿಸಿದ. ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಅವನಿಗೆ ಆಗಲೇ, ಅಲ್ಲೇ, ಮೇಜಿನ ಕಡೆಗೆ ನಡೆಯುತ್ತಿರುವಾಗಲೇ ಗೊತ್ತಿತ್ತು. 'ಇಲ್ಲ' ಎಂದು ಬರೆದ. ಆ ದಿನ ಅಲ್ಲಿಯವರೆಗಿನ ಇಲ್ಲಗಳಲ್ಲಿ ಅದೊಂದು ಮಾತ್ರ ಸುಳ್ಳು.

ಮಧ್ಯಾಹ್ನದ ಊಟಕ್ಕೆ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತರು. ಅಕ್ಕ ತಂಗಿಯರು ಒಂದೇ ತರಕಾರಿಗಾಡಿಯಲ್ಲಿ ಕೊಂಡು ಬೇರೆ ಬೇರೆ ಮನೆಯಲ್ಲಿ ಬೇಯಿಸಿದ ಒಂದೇ ಪಲ್ಯವನ್ನು ಒಬ್ಬರಿಗೊಬ್ಬರು ಬೆನ್ನು ಹಾಕಿ ತಿಂದರು. ಷಡ್ಡಕ ಅರ್ಧಕ್ಕೇ ಡಬ್ಬಿ ಮುಚ್ಚಿ ನೀರು ಕುಡಿಯಲು ಎದ್ದ. ಎರಡು ಲೋಟ, ಮೂರು ಲೋಟ. ಗಂಟಲು ಉಜ್ಜಿಕೊಂಡ. ಅಭಿನಯ, ಎಂದುಕೊಂಡ ಮೇಸ್ತ್ರಿ. ಮನೆಯಲ್ಲೂ ಹಾಗೇ, ಒಂದು ಸೂಜಿ ಚುಚ್ಚಿದರೆ ಕೈಯೇ ಹೋಯಿತು ಎನ್ನುವವನು. ಹೆಂಡತಿ ಕೂಡ ಈಚೀಚೆಗೆ ವಿಚಿತ್ರವಾಗಿದ್ದಳು. ಒಲೆ ಹಚ್ಚಿದರೆ, "ಗ್ಯಾಸಿನ ವಾಸನೆ ಏನಿಲ್ಲ ಅಲ್ವಾ," ಅಂತ ಜೋರಾಗಿ ಹೇಳುವುದು, ಒಗ್ಗರಣೆ ಕರಿಯಾದರೆ ಹೊರಗೆ ಕೂತವನಿಗೆ ಕೇಳುವಂತೆ, "ಅಯ್ಯೋ, ಸೀದ ವಾಸನೆ," ಎನ್ನುವುದು, ರೇಡಿಯೋದಲ್ಲಿ ಆಟದ ವರದಿ ಕೊಡುವವರ ಹಾಗೆ. ವಯಸ್ಸಾದ ಮೇಲೆ ಹೆಂಗಸರು ತಮ್ಮಷ್ಟಕ್ಕೆ ಮಾತಾಡುತ್ತಾರೆ ಎಂದು ಅವನು ಸುಮ್ಮನಿದ್ದ. ಊಟದ ಹೊತ್ತು ಮುಗಿಯಿತು. ಷಡ್ಡಕ ಗೋಡೆ ಹಿಡಿದುಕೊಂಡು ಒಂದು ಕ್ಷಣ ನಿಂತು, ಮತ್ತೆ ಪೆಟ್ಟಿಗೆಯ ಹಿಂದಕ್ಕೆ ಹೋದ.

ಎರಡೂವರೆಗೆ ಮೇಸ್ತ್ರಿ ಮತ್ತೆ ಹಿಂದಿನ ಬಾಗಿಲಿಗೆ ಬಂದಾಗ ಷಡ್ಡಕ ಬೆನ್ನು ತಿರುಗಿಸಿ ಕೂತಿದ್ದ. ಮುಖ ಕಾಣುವಂತಿರಲಿಲ್ಲ. ಕಾಣಿಸಿದ್ದು ಗಾಡಿಯ ಅಂಚು. ಪ್ರತಿ ಥಾನಿನ ಚೀಟಿಯನ್ನೂ ಸುರುಳಿ ಸುತ್ತಿ ರಬ್ಬರ್ ಬ್ಯಾಂಡು ಹಾಕಿ ಅಂಚಿನ ಕೊಕ್ಕೆಗೆ ಸಿಕ್ಕಿಸುವುದು ಷಡ್ಡಕನ ಪದ್ಧತಿ. ಬೆಳಗಿನ ಎಂಟು ಚೀಟಿಗಳೂ ಬಿಚ್ಚಿಕೊಂಡು ನೆಲದ ಮೇಲೆ ಹರಡಿದ್ದವು. ಅವನು ಬಗ್ಗಿ ಒಂದು ರಬ್ಬರ್ ಬ್ಯಾಂಡು ಎತ್ತಿಕೊಂಡ. ತುಂಡಾಗಿತ್ತು. ಇನ್ನೊಂದು ಎತ್ತಿಕೊಂಡು ಬೆರಳಿನಿಂದ ಎಳೆದ. ಅಡ್ಡಕ್ಕೆ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟಿತು, ಒಣಗಿದ ಕೆರೆಯ ತಳದ ಹಾಗೆ, ಆಮೇಲೆ ಪಟ್ಟೆಂದಿತು. ಮೂರನೆಯದೂ ಹಾಗೇ. ಅವನು ಕೈಯಲ್ಲಿ ರಬ್ಬರ್ ತುಂಡುಗಳನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತನೋ. ನಲವತ್ತು ಜನ ಸೊಂಟ ಹಿಡಿದುಕೊಂಡು ಓಡುವುದು ಕಣ್ಣ ಮುಂದೆ ಬಂತು, ನಗು ಬರಲಿಲ್ಲ. ಆಮೇಲೆ, ಹದಿನೇಳು ವರ್ಷದಲ್ಲಿ ಮಿಲ್ಲಿನೊಳಗೆ ಮೊದಲ ಸಲ, "ಅಣ್ಣ," ಎಂದ.

ಷಡ್ಡಕ ತಿರುಗಿದ. ಮಾತಾಡಲು ಹೋದವನು ಕೆಮ್ಮಿ, ಕೆಮ್ಮುತ್ತ ಬಗ್ಗಿ, ಬಗ್ಗಿದವನು ಹಾಗೇ ನೆ‌ಲದ ಮೇಲೆ ಕೂತುಬಿಟ್ಟ. ಮೇಸ್ತ್ರಿ ಓಡಿಹೋಗಿ ಕೆಂಪು ಗುಂಡಿ ಒತ್ತಿದ. ಎರಡು ನಲವತ್ತು. ಎಲ್ಲ ನಿಂತಿತು. ನಿಶ್ಶಬ್ದದಲ್ಲಿ ಎಂಜಿನಿಯರಮ್ಮನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬಂತು. "ವಾಸನೆ ಬಂತಾ?" ಎಂದಳು. ಅವನು ತಲೆಯಾಡಿಸಿದ, ಹೌದು ಎಂದೋ, ಇಲ್ಲ ಎಂದೋ, ಎರಡೂ ಆಗಬಹುದಾದಂತೆ. "ನೋಡಿ, ಮೀಟರಿಗಿಂತ ಮೇಲು," ಎಂದು ಅವಳ ಹಿಂದೆ ಬಂದ ಸಾಹೇಬರು ಹೇಳಿದರು. ಹಿಂದಿನ ಬಾಗಿಲಿನ ಅಂಚು ಬಿಚ್ಚಿ ನೋಡಿದಾಗ, ಇರಬೇಕಾದ, ಓಝೋನಿಗೆ ಜಗ್ಗದ ಬಿಳಿ ಪಟ್ಟಿಯ ಬದಲು ಕರಿಯ ರಬ್ಬರಿನ ಪಟ್ಟಿ ಇತ್ತು, ಮೊಸಳೆಯ ಬೆನ್ನಿನಂತೆ ಬಿರಿದುಕೊಂಡು. ಫಿಟ್ಟರು ಹೋದ ವಾರ ಒಳ್ಳೆಯ ಮನಸ್ಸಿನಿಂದ, ಅಲ್ಲೇ ಬಿದ್ದಿದ್ದ ಟ್ಯೂಬು ಕತ್ತರಿಸಿ, ಅಳತೆಗೆ ಸರಿಯಾಗಿ ಕೂರಿಸಿದ್ದ.

ಮಿಲ್ಲಿನ ದವಾಖಾನೆಯ ಬೆಂಚಿನ ಮೇಲೆ ಷಡ್ಡಕನನ್ನು ಕೂರಿಸಿ ಮುಖಕ್ಕೆ ಆಮ್ಲಜನಕದ ಮುಚ್ಚಳ ಕಟ್ಟಿದ್ದರು. ಅದೇ ಜಾತಿಯ ಕರಿಯ ಸಿಲಿಂಡರು, ಪೆಟ್ಟಿಗೆಗೆ ಊಡುವುದೂ ಅದನ್ನೇ. ಡಾಕ್ಟರು ಒಳಗೆ ಇನ್ನಾರದೋ ಬೆರಳು ಹೊಲಿಯುತ್ತಿದ್ದರು. ಇಬ್ಬರೇ ಇದ್ದಾಗ ಷಡ್ಡಕ ಮುಚ್ಚಳ ಕೆಳಗೆಳೆದು, ಗರಗಸದಂಥ ದನಿಯಲ್ಲಿ, "ಹನ್ನೊಂದು ಗಂಟೆಗೆ ಅಂಥಾ ಮುಖ ಮಾಡಿದ್ನಲ್ಲೋ. ಅದಕ್ಕಿಂತ ದೊಡ್ಡ ಮುಖ ನನ್ನ ಹತ್ರ ಇಲ್ಲ," ಎಂದ.

"ಏನು?"

"ಮೂರು ವರ್ಷದಿಂದ ನಿನಗೋಸ್ಕರ ಮುಖ ಸೊಟ್ಟ ಮಾಡಿ ಮಾಡಿ ನನ್ನ ಮುಖವೇ ಹಾಗಾಗಿಬಿಟ್ಟಿದೆ. ನಿನ್ನ ಅತ್ತಿಗೆ ಕೇಳ್ತಾಳೆ, ನಿದ್ದೇಲೂ ಯಾಕೆ ಹಾಗೆ ಹಲ್ಲು ಕಿರೀತೀರಿ ಅಂತ."

ಮೇಸ್ತ್ರಿಗೆ ಒಂದು ಕ್ಷಣ ದವಾಖಾನೆಯ ಗೋಡೆಯ ಮೇಲಿನ ಹಲ್ಲಿನ ಚಿತ್ರಪಟ ಮಾತ್ರ ಕಾಣಿಸಿತು. ಮೂವತ್ತೆರಡೂ ಹಲ್ಲು ನಗುತ್ತಿದ್ದವು. "ನಿಮಗೆ ಯಾರು ಹೇಳಿದ್ರು?"

"ನಿನ್ನ ಹೆಂಡ್ತಿ ನಿನ್ನ ಅತ್ತಿಗೆಗೆ ಹೇಳಿದ್ಳು, ಹಾಲು ಸೀದ ದಿನವೇ. ಅವಳು ನನಗೆ. ಮೂವರಿಗೂ ಗೊತ್ತು. ನಿನಗೊಬ್ಬನಿಗೆ ಗೊತ್ತಿಲ್ವೇನೋ ಅಂದ್ಕೊಂಡಿದ್ವಿ."

"ಮತ್ತೆ ಬೆಳಿಗ್ಗೆ ಎಲ್ಲರ ಮುಂದೆ ಹಾಗಂದ್ರಿ."

"ತಮಾಷೆಯಾಗಿ ಹೇಳಿದ್ರೆ ಈ ಮೂಸೋ ಕೆಲಸದಿಂದ ತಪ್ಪಿಸ್ಕೊಳ್ತೀಯ ಅಂದ್ಕೊಂಡೆ. ನೀನು ಮೂಗಿನ ತುದಿಗೆ ಕೋಪ ಏರಿಸ್ಕೊಂಡು ನನ್ನನ್ನೇ ಹಿಂದಕ್ಕೆ ತಳ್ಳಿದೆ." ಕೆಮ್ಮಿದ. ಮುಚ್ಚಳ ಹಾಕಿಕೊಂಡು ಎರಡು ಉಸಿರೆಳೆದು ಮತ್ತೆ ತೆಗೆದ. "ಪೆಟ್ಟಿಗೆ ಶುರುವಾಗಿ ಹತ್ತು ನಿಮಿಷಕ್ಕೇ ಘಾಟು ಬಂತು."

"ಎದ್ದು ಬರಬಾರ್ದಿತ್ತಾ ಅಣ್ಣ. ಕೂಗಬಾರ್ದಿತ್ತಾ."

"ಯಾಕೆ ಎದ್ದೆ ಅಂತ ಕೇಳ್ತಿದ್ರು. ವಾಸನೆ ಅಂದ್ರೆ, ಮೂಗಪ್ಪನಿಗೆ ಬರದ ವಾಸನೆ ನಿನಗೆ ಹೇಗೆ ಬಂತು ಅಂತಿದ್ರು. ಆಮೇಲೆ ಸ್ವಲ್ಪ ಹೊತ್ತಿಗೆ ನನಗೂ ಬರೋದು ನಿಂತುಹೋಯ್ತು. ಗಂಟಲು ಮಾತ್ರ ಉರೀತಿತ್ತು. ನಿನ್ನ ಮುಖ ನೋಡಿದ್ರೆ ಕಲ್ಲಿನ ಹಾಗಿದೆ. ಒಂದು ಕ್ಷಣ ನನಗೇ ಅನ್ನಿಸ್ತು, ಇವನ ಮೂಗು ವಾಪಸ್ ಬಂದಿರ್ಬೇಕು, ನಾನೇ ಎಲ್ಲೋ ಕೆಟ್ಟಿದ್ದೀನಿ ಅಂತ."

ಒಳಬಾಗಿಲು ತೆರೆದು ಡಾಕ್ಟರು ಬಂದರು. ಹೊಸಬರು, ಬಂದು ಇನ್ನೂ ಎರಡು ವಾರವಾಗಿರಲಿಲ್ಲ. ಅವರ ಹಿಂದೆಯೇ ಹೊರಗಿನಿಂದ ಎಂಜಿನಿಯರಮ್ಮ ರಿಜಿಸ್ಟರನ್ನು ಎದೆಗವಚಿಕೊಂಡು ಬಂದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬೆನ್ನಿಗೆ ಇಟ್ಟು ಕೇಳಿ, ಒಂದು ಹಾಳೆ ತೆಗೆದುಕೊಂಡು, "ಎಷ್ಟು ಹೊತ್ತು ಉಸಿರಾಡಿದ್ದಾರೆ ಇದನ್ನ?" ಎಂದರು. ಷಡ್ಡಕ ಮುಚ್ಚಳದ ಒಳಗಿಂದಲೇ ಎರಡೂ ಕೈ ಎತ್ತಿ ಹತ್ತು ಬೆರಳು ಬಿಡಿಸಿ ತೋರಿಸಿದ. "ಹತ್ತು ನಿಮಿಷ," ಎಂದು ಡಾಕ್ಟರು ಬರೆದುಕೊಂಡರು. ಎಂಜಿನಿಯರಮ್ಮ ರಿಜಿಸ್ಟರು ತೆರೆದು, "ಹೌದು ಡಾಕ್ಟ್ರೇ, ಎರಡೂಕಾಲಿನವರೆಗೂ ವಾಸನೆ ಇಲ್ಲ ಅಂತಲೇ ಇದೆ. ಎರಡು ನಲವತ್ತಕ್ಕೆ ನಿಲ್ಲಿಸಿದ್ದು," ಎಂದಳು. "ಹಾಗಾದ್ರೆ ಚಿಂತೆಯಿಲ್ಲ. ಮನೆಗೆ ಹೋಗಿ ಮಲಗ್ಲಿ. ಗಂಟೆಗಟ್ಟಲೆ ಆಗಿದ್ರೆ ಬೇರೆ ಮಾತು. ಅಂಥವರು ಈಗ ಚೆನ್ನಾಗಿದ್ದ ಹಾಗೆ ಕಾಣತ್ತೆ, ಸಂಜೆ ಹೊತ್ತಿಗೆ ಶ್ವಾಸಕೋಶಕ್ಕೆ ನೀರು ತುಂಬತ್ತೆ," ಎಂದರು ಡಾಕ್ಟರು, ಹವಾಮಾನ ಹೇಳುವವರ ಹಾಗೆ.

ಷಡ್ಡಕ ಅವನ ಕಡೆ ನೋಡಲಿಲ್ಲ. ನೆಲ ನೋಡುತ್ತಿದ್ದ. ಬೆರಳುಗಳನ್ನು ಇನ್ನೂ ಪೂರ್ತಿ ಮಡಿಸಿರಲಿಲ್ಲ. ಮೇಸ್ತ್ರಿಗೆ ಅನ್ನಿಸಿತು, ಈಗ ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ತನಗಿರುವಷ್ಟು ಅನುಭವ ಈ ಕೋಣೆಯಲ್ಲಿ ಯಾರಿಗೂ ಇಲ್ಲ. ನಾಳೆ ಕ್ಯಾಂಟೀನಿಗೆ ಹೋದರೆ ಜಾಗ ಬಿಟ್ಟು ಸರಿದು ಕೂರುತ್ತಾರೆ, ರಬ್ಬರ್ ಬ್ಯಾಂಡಿನ ಕಥೆ ಯಾರಿಗೂ ಬೇಕಿಲ್ಲ, ಮೂಗಪ್ಪ ಗಾಳಿಯಲ್ಲಿ ಹಸಿ ಸಿಡಿಲು ಹಿಡಿದು ಷಡ್ಡಕನ ಜೀವ ಉಳಿಸಿದ ಎಂಬ ಕಥೆ ಆಗಲೇ ಗೇಟು ದಾಟಿರುತ್ತದೆ, ಒಂದು ವಾರದಲ್ಲಿ ಅದರಲ್ಲಿ ಅವನು ಮನೆಯಲ್ಲಿ ಮಲಗಿದ್ದವನು ವಾಸನೆ ಹಿಡಿದು ಓಡಿ ಬಂದನಂತೆ ಎಂದು ಸೇರಿರುತ್ತದೆ. ಸಂಜೆ ಹೊತ್ತಿಗೆ. ಸಂಜೆ ಹೊತ್ತಿಗೆ ಷಡ್ಡಕ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಾನೆ, ಅತ್ತಿಗೆ ಕಾಫಿ ತಂದಿಡುತ್ತಾಳೆ, ಅವನು ಉಸಿರೆಳೆಯಲು ಬಾಯಿ ತೆರೆಯುತ್ತಾನೆ, ಅವಳು ಇದೂ ಒಂದು ಸೊಟ್ಟ ಮುಖ ಎಂದುಕೊಂಡು ನಗುತ್ತಾಳೆ. ಒಂದು ಕುಟುಂಬಕ್ಕೆ ಒಂದೇ ಮುಖ, ಅದೂ ಖರ್ಚಾಗಿಹೋಗುತ್ತದೆ.

"ಒಂಬತ್ತು ಹತ್ತರಿಂದ," ಎಂದ.

"ಏನಂದ್ರಿ?" ಎಂದಳು ಎಂಜಿನಿಯರಮ್ಮ.

"ಬೆಳಿಗ್ಗೆ ಒಂಬತ್ತು ಹತ್ತರಿಂದ ಸೋರ್ತಿತ್ತು. ನನಗೆ ವಾಸನೆ ಬರಲ್ಲ ಮೇಡಂ. ಮೂರು ವರ್ಷ ಆಯ್ತು."

ಎಂಜಿನಿಯರಮ್ಮ ರಿಜಿಸ್ಟರನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ರಿಜಿಸ್ಟರನ್ನು ನೋಡಿದಳು. ಡಾಕ್ಟರಿಗೆ ಅವನ ಮೂಗಿನ ಖ್ಯಾತಿ ಗೊತ್ತಿರಲಿಲ್ಲ. ಅವರು ಪೆನ್ನು ಎತ್ತಿ, "ಒಂಬತ್ತು ಹತ್ತು ಗ್ಯಾರಂಟಿನಾ? ಮಧ್ಯೆ ಊಟಕ್ಕೆ ಎದ್ದಿದ್ರಾ?" ಎಂದರು.

"ಅರ್ಧ ಗಂಟೆ."

"ಹಾಗಾದ್ರೆ ಐದು ಗಂಟೆ," ಎಂದು ಲೆಕ್ಕ ಹಾಕಿ, 'ಹತ್ತು ನಿಮಿಷ' ಎಂಬುದನ್ನು ಹೊಡೆದು, ಮೇಲೆ 'ಐದು ಗಂಟೆ' ಎಂದು ಬರೆದು, ಆಂಬುಲೆನ್ಸ್ ಕರೆಯಿರಿ ಎಂದರು. ಮೂರು ವರ್ಷ ಅವನು ದಿಂಬಿನಡಿ ಇಟ್ಟುಕೊಂಡು ಮಲಗಿದ್ದ ಮಾತು ಅಷ್ಟರಲ್ಲಿ ಮುಗಿಯಿತು. ಷಡ್ಡಕ ಮುಚ್ಚಳ ಕಿತ್ತು ಹಣೆಗೇರಿಸಿಕೊಂಡು, "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೋ ನನ್ನ ಕೆಲಸ. ಹತ್ತು ಬೆರಳು ತೋರಿಸಿದ್ದು ಕಾಣ್ಲಿಲ್ವಾ, ಕಣ್ಣೂ ಹೋಯ್ತಾ?" ಎಂದು ಬೈದು, ಬೈಗುಳದ ನಡುವೆ ಉಸಿರು ಸಾಲದೆ ನಿಲ್ಲಿಸಿದ. ಎಂಜಿನಿಯರಮ್ಮ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, "ನನಗೆ ಬಂದಿತ್ತು. ನಿಜವಾಗಿ ಬಂದಿತ್ತು," ಎಂದಳು. ಆಮೇಲೆ ಅವನ ಕಡೆ ತಿರುಗಿ, ನಾಳೆ ಬೆಳಿಗ್ಗೆ ಸಾಹೇಬರ ಕೋಣೆಗೆ ಬನ್ನಿ, ಪೆಟ್ಟಿಗೆಯ ಹತ್ತಿರ ಹೋಗುವುದು ಬೇಡ ಎಂದಳು. ಅವನು ಸರಿ ಎಂದ.

ಆಂಬುಲೆನ್ಸಿನವನು ಬಾಗಿಲು ಹಿಡಿದುಕೊಂಡು, "ಜೊತೆಗೆ ಯಾರು? ಏನಾಗ್ಬೇಕು?" ಎಂದು ಕೇಳಿದ.

"ಷಡ್ಡಕ," ಎಂದ ಅವನು. "ನನಗೇನೂ ಆಗ್ಬೇಕಿಲ್ಲ," ಎಂದ ಮಲಗಿದ್ದವನು.

"ದಾರಿ ಉದ್ದಕ್ಕೂ ಇವರ ತುಟಿ ನೋಡ್ತಿರಿ. ನೀಲಿಗೆ ತಿರುಗಿದ್ರೆ ಕಿಟಕಿ ಬಡೀರಿ. ನಿಮ್ಮ ಕಣ್ಣು ಸರಿಯಿದೆ ತಾನೆ?" ಎಂದ ಆಂಬುಲೆನ್ಸಿನವನು.

"ಸರಿಯಿದೆ."

ಬಾಗಿಲು ಮುಚ್ಚಿತು. ಅವನು ಸಣ್ಣ ಸ್ಟೂಲಿನ ಮೇಲೆ ಮೊಣಕಾಲು ಎದೆಗೆ ಬರುವಂತೆ ಕೂತು, ಸಾರಿನ ಬಣ್ಣದ ಆ ದಪ್ಪ ತುಟಿಗಳನ್ನು ಮುಚ್ಚಳದ ಪ್ಲಾಸ್ಟಿಕ್ಕಿನ ಮೂಲಕ ನೋಡತೊಡಗಿದ. ಉಸಿರಿಗೆ ಪ್ಲಾಸ್ಟಿಕ್ಕು ಮಬ್ಬಾಗುತ್ತಿತ್ತು, ತಿಳಿಯಾಗುತ್ತಿತ್ತು. ಗಾಡಿ ಎಲ್ಲೋ ತಿರುಗಿತು, ಎಲ್ಲೋ ನಿಂತಿತು, ಮತ್ತೆ ಹೊರಟಿತು. ಸ್ವಲ್ಪ ಹೊತ್ತಿಗೆ ಷಡ್ಡಕ ಮುಖ ಆ ಕಡೆ ಹೊರಳಿಸಿದ.

"ಹಾಗೆ ನೋಡ್ಬೇಡ್ವೋ. ನಾಚಿಕೆ ಆಗತ್ತೆ."

"ಈ ಕಡೆ ತಿರುಗು ಅಣ್ಣ."

ಷಡ್ಡಕ ತಿರುಗಿದ.